ಬಾದಶಹನ ಗಿಂಡಿ ಹಿಡಿದವನು: ಹುಮಾಯೂನನ ಸೇವಕ ಜೌಹರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಘಲರ ಬಗ್ಗೆ ಮಾತು ಬಂದಾಗಲೆಲ್ಲ ಯುದ್ಧ, ಕೋಟೆ, ವಜ್ರ ಇವೇ ಬರುತ್ತವೆ. ನಾನು ಮಾತ್ರ ಸುತ್ತಿ ಬಳಸಿ ಜೌಹರ್ ಹತ್ತಿರ ಬಂದು ನಿಲ್ಲುತ್ತೇನೆ. ಕೇಳುವವರು ಪ್ರತಿ ಸಲ ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಯಾರು ಈ ಜೌಹರ್?

ಹುಮಾಯೂನ್ ಬಾದಶಹನ ಖಾಸಾ ಆಳು. ಅವನ ಕೆಲಸಕ್ಕೆ ಆಫ್ತಾಬ್ಚಿ ಅಂತ ಹೆಸರು. ಆಫ್ತಾಬಾ ಅಂದರೆ ಮೂತಿ ಇರುವ ನೀರಿನ ಪಾತ್ರೆ, ನಮ್ಮ ಗಿಂಡಿ ಇದ್ದ ಹಾಗೆ. ಅದನ್ನು ಹಿಡಿದು ಬಾದಶಹನ ಕೈಗೆ, ಮುಖಕ್ಕೆ, ಕಾಲಿಗೆ ನೀರು ಕೊಡುವವನು ಆಫ್ತಾಬ್ಚಿ.

ಹುಮಾಯೂನ್ 1530ರ ಕೊನೆಯಲ್ಲಿ ಪಟ್ಟಕ್ಕೆ ಬಂದ. 1540ರಲ್ಲಿ ಕನೌಜಿನಲ್ಲಿ ಶೇರ್ ಶಾಹನ ಕೈಯಲ್ಲಿ ಸೋತು ರಾಜ್ಯ ಕಳೆದುಕೊಂಡ. ಸಿಂಧ್, ರಾಜಸ್ಥಾನದ ಮರಳುಗಾಡು, ಇರಾನ್, ಕಾಬೂಲ್ ಎಲ್ಲ ಅಲೆದು 1555ರಲ್ಲಿ ದಿಲ್ಲಿಗೆ ವಾಪಸು ಬಂದ. ಈ ಅಲೆದಾಟದ ಉದ್ದಕ್ಕೂ ಜೌಹರ್ ಅವನ ಜೊತೆಗಿದ್ದ. ಅಣ್ಣತಮ್ಮಂದಿರು ಬಿಟ್ಟು ಹೋದರು, ಸರದಾರರು ರಾತ್ರೋರಾತ್ರಿ ಕಂಬಿ ಕಿತ್ತರು. ಗಿಂಡಿಯವನು ಮಾತ್ರ ಹೋಗಲಿಲ್ಲ.

ಕೈಗೆ ನೀರು ಹಾಕೋದೂ ಒಂದು ಹುದ್ದೆಯೇ?

ನಗಬೇಡಿ, ದೊಡ್ಡ ಹುದ್ದೆಯೇ. ದಿನಕ್ಕೆ 5 ಹೊತ್ತು ನಮಾಜು. ಅದಕ್ಕೆ ಮೊದಲು ವುಜೂ, ಅಂದರೆ ಕೈ, ಬಾಯಿ, ಮೂಗು, ಮುಖ, ತೋಳು, ಕಾಲು ತೊಳೆಯಬೇಕು. ಊಟಕ್ಕೆ ಮುಂಚೆ ಕೈಗೆ ನೀರು, ಊಟ ಆದ ಮೇಲೆ ಮತ್ತೆ ನೀರು. ಸ್ನಾನಕ್ಕೆ ಬಿಸಿನೀರು ಬೇರೆ.

ಹುಮಾಯೂನ್ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಮಡಿ. ವುಜೂ ಮಾಡದೆ ದೇವರ ಹೆಸರು ಬಾಯಲ್ಲಿ ತರುತ್ತಿರಲಿಲ್ಲವಂತೆ. ಮೀರ್ ಅಬ್ದುಲ್ ಹೈ ಅಂತ ಒಬ್ಬರಿದ್ದರು. 'ಹೈ' ಅನ್ನೋದು ದೇವರ ಹೆಸರುಗಳಲ್ಲಿ ಒಂದು. ಒಂದು ಸಲ ಬಾದಶಹ ಅವರನ್ನು ಬರೀ 'ಅಬ್ದುಲ್' ಅಂತ ಕರೆದ. ಆಮೇಲೆ ಕೈಕಾಲು ತೊಳೆದು ಬಂದು, ಆಗ ವುಜೂ ಆಗಿರಲಿಲ್ಲ, ಅದಕ್ಕೇ ಪೂರ್ತಿ ಹೆಸರು ಹೇಳಲಿಲ್ಲ, ಕ್ಷಮಿಸಿ ಅಂದ. ಇಂಥವನ ಮನೆಯಲ್ಲಿ ಗಿಂಡಿ ಹಿಡಿಯುವವನು ಒಂದು ಗಳಿಗೆ ಕಣ್ಣಿಗೆ ಕಾಣದಿದ್ದರೆ ಏನಾಗುತ್ತಿತ್ತೋ ನೀವೇ ಯೋಚಿಸಿ.

ಅರಮನೆಯ ಬೇರೆ ಕಟ್ಟುಪಾಡುಗಳು ಹೇಗಿದ್ದವು?

ಆಳುಗಳ ತಲೆ ತಿನ್ನುವಷ್ಟು ಇದ್ದವು. ಹುಮಾಯೂನನಿಗೆ ಗ್ರಹ ನಕ್ಷತ್ರಗಳ ಹುಚ್ಚು. ಆಯಾ ವಾರದ ಗ್ರಹಕ್ಕೆ ಹೊಂದುವ ಬಣ್ಣದ ಬಟ್ಟೆ ಹಾಕುತ್ತಿದ್ದ. ಭಾನುವಾರ ಹಳದಿ, ಮಂಗಳವಾರ ಕೆಂಪು, ಶನಿವಾರ ಕಪ್ಪು. ಬಟ್ಟೆ ತೆಗೆದಿಡುವವನಿಗೆ ಪಂಚಾಂಗ ಬಾಯಿಪಾಠ ಆಗಿರಲೇಬೇಕು. ಯಾರಾದರೂ ಎಡಗಾಲಿಟ್ಟು ಒಳಗೆ ಬಂದರೆ, ವಾಪಸು ಹೋಗಿ ಬಲಗಾಲಿಟ್ಟು ಬಾ ಅನ್ನುತ್ತಿದ್ದ.

ಸರಕಾರದ ಕೆಲಸವನ್ನೂ ಬೆಂಕಿ, ಗಾಳಿ, ನೀರು, ಮಣ್ಣು ಅಂತ 4 ಪಾಲು ಮಾಡಿದ್ದ. ಫಿರಂಗಿ, ಮದ್ದುಗುಂಡು ಬೆಂಕಿಗೆ. ಅಡುಗೆಮನೆ, ಬಟ್ಟೆ, ಲಾಯ ಗಾಳಿಗೆ. ಶರಬತ್ತು, ಕಾಲುವೆ ನೀರಿಗೆ. ಬೇಸಾಯ, ಕಟ್ಟಡ ಮಣ್ಣಿಗೆ. ಕಾಗದದ ಮೇಲೆ ಚೆಂದ. ಕನೌಜಿನ ಸೋಲಾದ ಮೇಲೆ ಈ ನಾಲ್ಕರಲ್ಲಿ ಕೈಯಲ್ಲಿ ಉಳಿದದ್ದು ನೀರಿನ ಗಿಂಡಿ ಒಂದೇ ಅಂದರೂ ನಡೆಯುತ್ತದೆ.

ಇಷ್ಟು ಹತ್ತಿರ ಇದ್ದವನಿಗೆ ಮರ್ಯಾದೆಯೂ ಜಾಸ್ತಿ ಇತ್ತಾ?

ಇಲ್ಲ. ಹತ್ತಿರ ಇರುವುದು ಬೇರೆ, ಮೇಲಿರುವುದು ಬೇರೆ. ಇದನ್ನು ತುಂಬಾ ಜನ ಬೆರೆಸಿಬಿಡುತ್ತಾರೆ. ದೊಡ್ಡ ಅಮೀರ, ಅಂದರೆ ಸರದಾರ, ಡೇರೆಯ ಹೊರಗೆ ಅಪ್ಪಣೆಗೆ ಕಾಯುತ್ತಾ ನಿಂತಿರುತ್ತಾನೆ, ಜೌಹರ್ ಒಳಗೆ ಬಾದಶಹನ ಕಾಲಿಗೆ ನೀರು ಹಾಕುತ್ತಿರುತ್ತಾನೆ. ಆದರೆ ಸಭೆ ಸೇರಿದಾಗ ಅಮೀರನಿಗೆ ಜಾಗ ಉಂಟು, ಜೌಹರ್‌ಗೆ ಇಲ್ಲ. ಬರೆಯುವಾಗಲೂ ಅವನು ತನ್ನನ್ನು 'ಈ ಬಡ ಸೇವಕ' ಅಂತಲೇ ಕರೆದುಕೊಳ್ಳುತ್ತಾನೆ.

ಸೇವಕ ಸಿಂಹಾಸನದ ಹತ್ತಿರ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಪ್ರಸಂಗ ಇದೆ. 1539ರಲ್ಲಿ ಚೌಸಾದಲ್ಲಿ ಶೇರ್ ಖಾನನ (ಮುಂದೆ ಶೇರ್ ಶಾಹ ಆದವನು ಇವನೇ) ಕೈಯಲ್ಲಿ ಸೋತು ಹುಮಾಯೂನ್ ಗಂಗೆಗೆ ಕುದುರೆ ಇಳಿಸಿ ಮುಳುಗುವುದರಲ್ಲಿದ್ದ. ನಿಜಾಮ್ ಅನ್ನೋ ಭಿಸ್ತಿ, ಅಂದರೆ ನೀರು ಹೊರುವವನು, ಗಾಳಿ ತುಂಬಿದ ಚರ್ಮದ ಚೀಲ ಕೊಟ್ಟು ದಡ ಹತ್ತಿಸಿದ. ಬಾದಶಹ ಮಾತು ಕೊಟ್ಟಂತೆ ಆಗ್ರಾದಲ್ಲಿ ಅವನನ್ನು ಸಿಂಹಾಸನದ ಮೇಲೆ ಕೂರಿಸಿದ. ಎಷ್ಟು ಹೊತ್ತು ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹುಮಾಯೂನನ ತಂಗಿ ಗುಲ್ಬದನ್ 2 ದಿನ ಅನ್ನುತ್ತಾಳೆ. ತಮ್ಮ ಕಾಮ್ರಾನ್‌ಗೆ ಮೈಯೆಲ್ಲ ಉರಿದುಹೋಯಿತು. ಶೇರ್ ಖಾನ್ ತಲೆ ಮೇಲೆ ಬಂದು ಕೂತಿರುವಾಗ ಇದೇನು ಆಟ, ಇನಾಮು ಕೊಟ್ಟು ಕಳಿಸಿದ್ದರೆ ಸಾಲದಿತ್ತೇ ಅಂತ ಅವನ ತಕರಾರು. ಅದರಲ್ಲಿ ನ್ಯಾಯವೂ ಇತ್ತು ಅನ್ನಿ.

ಮರಳುಗಾಡಿನಲ್ಲಿ ನೀರಿನವನ ಪಾಡು ಏನು?

ಜೌಹರ್ ಬರೆದದ್ದರಲ್ಲಿ ನನಗೆ ಬಾಯಿ ಒಣಗಿದಂತಾಗುವುದು ಈ ಭಾಗ ಓದುವಾಗ. 1542ರ ಬೇಸಿಗೆ. ಜೋಧಪುರದ ಮಾಲದೇವನನ್ನು ನಂಬಿ ಹೋಗಿ, ಅಲ್ಲಿ ಹಿಡಿದುಕೊಡುತ್ತಾರೆ ಅಂತ ಗೊತ್ತಾಗಿ, ಅಮರಕೋಟದ ಕಡೆ ಓಡಿಬರುತ್ತಿದ್ದಾರೆ. ಬಾದಶಹನ ಹೆಂಡತಿ ಹಮೀದಾ ಬೇಗಂ ತುಂಬು ಬಸುರಿ.

ಅಲ್ಲಿನ ಬಾವಿಗಳು ಎಷ್ಟು ಆಳ ಅಂದರೆ, ಎತ್ತು ಹಗ್ಗ ಎಳೆದುಕೊಂಡು ದೂರ ಹೋಗಬೇಕು. ಬಕೆಟ್ಟು ಮೇಲೆ ಬಂತು ಅಂತ ಎತ್ತು ಹೊಡೆಯುವವನಿಗೆ ಕೂಗಿ ಹೇಳಿದರೆ ಕೇಳಿಸುವುದಿಲ್ಲ. ಅದಕ್ಕೆ ನಗಾರಿ ಬಾರಿಸುತ್ತಿದ್ದರು. ಬಕೆಟ್ಟು ಕಣ್ಣಿಗೆ ಬಿದ್ದದ್ದೇ ತಡ, ಬಾಯಾರಿದ ಜನ ಅದರ ಮೇಲೇ ಬಿದ್ದರು. ಹಗ್ಗ ಹರಿಯಿತು. ಕೆಲವರು ಬಕೆಟ್ಟಿನ ಜೊತೆಗೇ ಬಾವಿಯೊಳಗೆ ಹೋದರು.

ಇನ್ನೊಂದು ಕಥೆ ಹೊಗಳುಭಟ್ಟರು ಬರೆಯುವಂಥದ್ದಲ್ಲ. ಒಬ್ಬ ಮೊಘಲ್ ವ್ಯಾಪಾರಿ ದಾರಿಯಲ್ಲಿ ನೀರಿಲ್ಲದೆ ಸಾಯುತ್ತಾ ಬಿದ್ದಿದ್ದ. ಬಾದಶಹ ಅವನ ಹತ್ತಿರ ದೊಡ್ಡ ಸಾಲ ಮಾಡಿದ್ದ. ಹುಮಾಯೂನ್ ಹೇಳಿದ: ಸಾಲ ಬಿಟ್ಟುಕೊಡು, ಬೇಕಾದಷ್ಟು ನೀರು ಕೊಡುತ್ತೇನೆ. ವ್ಯಾಪಾರಿ ಒಪ್ಪಿದ, ಒಪ್ಪದೆ ಏನು ಮಾಡುತ್ತಾನೆ? ಸಾಕ್ಷಿ ಇಟ್ಟು ಸಾಲ ವಜಾ ಮಾಡಿಸಿಕೊಂಡೇ ನೀರು ಕೊಟ್ಟದ್ದು. ಜೌಹರ್ ಇದಕ್ಕೆ ಛೀ ಅನ್ನುವುದಿಲ್ಲ, ಭಲೇ ಅಂತಲೂ ಅನ್ನುವುದಿಲ್ಲ. ನೋಡಿದ್ದನ್ನು ಹೇಳಿ ಮುಂದೆ ಹೋಗುತ್ತಾನೆ. ಅವನ ಈ ಗುಣವೇ ನನ್ನನ್ನು ಹಿಡಿದಿಟ್ಟದ್ದು.

ಕಸ್ತೂರಿ ಕಥೆ ನಿಜವಾ?

ಅಕ್ಬರ್ ಹುಟ್ಟಿದಾಗ ಹುಮಾಯೂನ್ ಕಸ್ತೂರಿ ಹಂಚಿದ ಅಂತ ಶಾಲೆಯಲ್ಲಿ ಓದಿರುತ್ತೀರಿ. ಆ ಕಥೆಯ ಮೂಲ ಜೌಹರೇ. ಕಸ್ತೂರಿ ಇದ್ದದ್ದೂ ಅವನ ಹತ್ತಿರವೇ!

1542ರ ಅಕ್ಟೋಬರ್ 15ರಂದು ಅಮರಕೋಟದಲ್ಲಿ ಮಗು ಹುಟ್ಟಿತು. ಬಾದಶಹ ಆಗ ಅಲ್ಲಿಂದ ಮುಂದಕ್ಕೆ ಹೋಗಿ ಡೇರೆ ಹಾಕಿದ್ದ. ಸವಾರರು ಸುದ್ದಿ ತಂದರು. ಸುದ್ದಿ ತಂದವರಿಗೆ, ಸುತ್ತ ನಿಂತವರಿಗೆ ಏನಾದರೂ ಕೊಡಬೇಕಲ್ಲ? ಬೊಕ್ಕಸವೇ ಇಲ್ಲ. ಜೌಹರ್‌ನನ್ನು ಕರೆದು, ನಿನ್ನ ಹತ್ತಿರ ಇಡೋದಕ್ಕೆ ಏನೇನು ಕೊಟ್ಟಿದ್ದೆ ಅಂತ ಕೇಳಿದ. 200 ಶಾಹ್ರುಖಿ ನಾಣ್ಯ, ಒಂದು ಬೆಳ್ಳಿ ಕಡಗ, ಒಂದು ಕಸ್ತೂರಿ ಚೀಲ. ಅದರಲ್ಲೂ ನಾಣ್ಯ, ಕಡಗ ಬೇರೆಯವರಿಂದ ತೆಗೆದುಕೊಂಡದ್ದು. ಅವನ್ನು ಅವರವರಿಗೆ ವಾಪಸು ಕೊಡಿಸಿದ. ಉಳಿದದ್ದು ಕಸ್ತೂರಿ. ಪಿಂಗಾಣಿ ತಟ್ಟೆ ತರಿಸಿ, ಅದರಲ್ಲಿ ಕಸ್ತೂರಿ ಒಡೆದು, ಜೊತೆಗಿದ್ದವರಿಗೆಲ್ಲ ಚೂರು ಚೂರು ಹಂಚಿದ. ಮಗ ಹುಟ್ಟಿದ ಖುಷಿಗೆ ಕೊಡಲು ನನ್ನ ಹತ್ತಿರ ಇರುವುದು ಇಷ್ಟೇ, ಈ ಪರಿಮಳ ಹಬ್ಬಿದ ಹಾಗೆ ಅವನ ಹೆಸರೂ ಹಬ್ಬಲಿ ಅಂದನಂತೆ.

ಎಲ್ಲರೂ ಆ ಕೊನೆಯ ಮಾತನ್ನೇ ಹೇಳುತ್ತಾರೆ. ನನಗೆ ನೆನಪಿನಲ್ಲಿ ಉಳಿದಿರುವುದು ಆ ಪಟ್ಟಿ. ಬಾದಶಹನ ಆಸ್ತಿ ಒಬ್ಬ ಆಳಿನ ಗಂಟಿನಲ್ಲಿ ಹಿಡಿಯುವಷ್ಟಾಗಿತ್ತು. ಆ ಆಳು ಅದನ್ನು ಎಣಿಸಿ ನೆನಪಿಟ್ಟುಕೊಂಡಿದ್ದ.

ಮಗುವನ್ನು ಬಿಟ್ಟು ಹೋದರಂತೆ?

ಹೌದು. ಹುಮಾಯೂನನ ಇನ್ನೊಬ್ಬ ತಮ್ಮ ಅಸ್ಕರಿ ಅವನನ್ನು ಹಿಡಿಯಲು ಸೈನ್ಯ ತರುತ್ತಿದ್ದಾನೆ ಅಂತ ಸುದ್ದಿ ಬಂತು. ವರ್ಷ ತುಂಬಿದ ಅಕ್ಬರನನ್ನು ಡೇರೆಯಲ್ಲೇ ದಾದಿಯರ ಜೊತೆ ಬಿಟ್ಟು, ಹುಮಾಯೂನ್ ಮತ್ತು ಹಮೀದಾ ಕುದುರೆ ಹತ್ತಿದರು. ಚಳಿಗೆ ಮಗು ತಡೆಯದು ಅನ್ನೋದು ಲೆಕ್ಕ. ಜೊತೆಗೆ ಹೊರಟವರು 30-40 ಜನ ಅಷ್ಟೇ. ಆ ಹಿಮದ ದಾರಿಯಲ್ಲಿ ಕುದುರೆ ಕಡಿದು, ಪಾತ್ರೆ ಇಲ್ಲದೆ ಶಿರಸ್ತ್ರಾಣದಲ್ಲೇ ಮಾಂಸ ಬೇಯಿಸಿಕೊಂಡರು ಅಂತ ಗುಲ್ಬದನ್ ಬರೆದಿದ್ದಾಳೆ.

ಇರಾನಿನಲ್ಲಿ ವಜ್ರದ ಚೀಲ ಕಳೆದುಹೋಗಿತ್ತಂತಲ್ಲ, ಏನದು?

1544. ಇರಾನಿನ ಶಾ ತಹ್ಮಾಸ್ಪ್ ಹತ್ತಿರ ಆಸರೆ ಕೇಳಿ ಬಂದಿದ್ದಾರೆ. ಹುಮಾಯೂನನ ಕೈಯಲ್ಲಿ ಉಳಿದಿದ್ದ ದೊಡ್ಡ ಆಸ್ತಿ ಅಂದರೆ ವಜ್ರ, ಮಾಣಿಕ್ಯಗಳು. ಅವನ್ನು ಚೀಲದಲ್ಲಿ ಹಾಕಿ ಯಾವಾಗಲೂ ಮೈಮೇಲೇ ಇಟ್ಟುಕೊಳ್ಳುತ್ತಿದ್ದ. ವುಜೂ ಮಾಡುವಾಗ ಮಾತ್ರ ತೆಗೆದು ಪಕ್ಕಕ್ಕಿಡುತ್ತಿದ್ದ.

ಒಂದು ದಿನ ಹಾಗೇ ಇಟ್ಟ. ಕೈಕಾಲು ತೊಳೆದ. ಎದ್ದು ಹೊರಟೇಬಿಟ್ಟ.

ಜೌಹರ್ ಗಿಂಡಿ ಎತ್ತಿಕೊಂಡು ಕುದುರೆ ಹತ್ತಬೇಕು, ಅಷ್ಟರಲ್ಲಿ ನೆಲದ ಮೇಲೆ ಹೂವಿನ ಕಸೂತಿಯ ಹಸಿರು ಚೀಲ ಕಂಡಿತು. ಪಕ್ಕದಲ್ಲಿ ಲೇಖನಿ ಇಡುವ ಡಬ್ಬಿ. ಎರಡನ್ನೂ ಎತ್ತಿಕೊಂಡು ಹೋಗಿ ಬಾದಶಹನ ಮುಂದೆ ಹಿಡಿದ. ಹುಮಾಯೂನ್ ಬೆಚ್ಚಿಬಿದ್ದ. ಮಗೂ, ದೊಡ್ಡ ಉಪಕಾರ ಮಾಡಿದೆ, ಇದು ಹೋಗಿದ್ದರೆ ಈ ಶಾನ ಸಣ್ಣತನಕ್ಕೆ ನಾನು ಯಾವತ್ತೂ ತಲೆ ಬಗ್ಗಿಸಿಕೊಂಡೇ ಇರಬೇಕಾಗುತ್ತಿತ್ತು, ಇನ್ನು ಮುಂದೆ ಇದನ್ನು ನೀನೇ ನೋಡಿಕೋ ಅಂದ.

ಆಮೇಲೆ ಅದರಲ್ಲಿನ ದೊಡ್ಡ ಹರಳುಗಳನ್ನು ಆರಿಸಿ, ಮುತ್ತಿನ ಚಿಪ್ಪಿನ ಡಬ್ಬಿಯಲ್ಲಿಟ್ಟು ಶಾಗೆ ಕಳಿಸಿದ. ಅದರಲ್ಲಿ ಕೋಹಿನೂರ್ ಇತ್ತು ಅಂತ ಹೇಳುವವರು ತುಂಬಾ ಜನ ಇದ್ದಾರೆ. ಜೌಹರ್ ಆ ಹೆಸರು ಎತ್ತುವುದಿಲ್ಲ. ಅವನಿಗೆ ಚೀಲದ ಬಣ್ಣ ಗೊತ್ತು.

ಶಾ ಅಷ್ಟು ಸಣ್ಣವನಾಗಿದ್ದನಾ? ಉಪಚಾರ ಚೆನ್ನಾಗಿತ್ತು ಅಂತ ಓದಿದ್ದೆ.

ಎರಡೂ ನಿಜ. ದಾರಿಯ ಉಪಚಾರ ಜೋರಾಗಿತ್ತು. ಹೆರಾತಿನ ಅಧಿಕಾರಿಗೆ ಶಾ ಬರೆದ ಫರ್ಮಾನಿನಲ್ಲಿ ಅತಿಥಿಗೆ ಕೊಡುವ ರೊಟ್ಟಿಯ ವಿವರವೂ ಇದೆ: ಹಾಲು, ಬೆಣ್ಣೆ ಹಾಕಿ ಕಲಸಬೇಕು, ಸೋಂಪು, ಗಸಗಸೆ ಇರಬೇಕು. ಆದರೆ ಎದುರಾಬದುರು ಆದಾಗ ಮಾತು ಬೇರೆಯಾಯಿತು. ಶಿಯಾ ಪಂಥಕ್ಕೆ ಬಾ, ನಮ್ಮ ಕೆಂಪು ಟೋಪಿ ಹಾಕು ಅಂತ ಒತ್ತಾಯ. ಹುಮಾಯೂನ್ ಟೋಪಿ ಹಾಕಿಕೊಂಡ. ಶಾನ ತಂಗಿ ನಡುವೆ ಬಂದು ಮಾತಾಡಿದ ಮೇಲೆ ವಾತಾವರಣ ತಿಳಿಯಾಯಿತು, ಸೈನ್ಯವೂ ಸಿಕ್ಕಿತು. ಆ ಸೈನ್ಯದಿಂದಲೇ 1545ರಲ್ಲಿ ಕಂದಹಾರ ಕೈಗೆ ಬಂದದ್ದು.

ಬಾದಶಹ ಸುಮ್ನೆ ಕೂತಿದ್ದಾಗ ಹೇಗಿರುತ್ತಿದ್ದ?

ಒಂದೇ ಒಂದು ಪ್ರಸಂಗ ಹೇಳುತ್ತೇನೆ. ಅಲೆದಾಟದ ದಿನಗಳು. ಬಟ್ಟೆ ಒಗೆಯಲು ಕೊಟ್ಟು, ಅದು ಬರುವ ತನಕ ಹುಮಾಯೂನ್ ಡೇರೆಯಲ್ಲಿ ಒಂದು ನಿಲುವಂಗಿ ಹೊದ್ದು ಕೂತಿದ್ದ. ಹಿಂದೆ ದಿನಕ್ಕೊಂದು ಬಣ್ಣ ಉಡುತ್ತಿದ್ದವನು ಇವನೇ, ನೆನಪಿರಲಿ. ಅಷ್ಟರಲ್ಲಿ ಚೆಂದದ ಒಂದು ಹಕ್ಕಿ ಒಳಗೆ ಬಂತು. ಡೇರೆಯ ಬಾಗಿಲು ಮುಚ್ಚಿಸಿ ಹಿಡಿದರು. ಬಾದಶಹ ಕತ್ತರಿ ತೆಗೆದುಕೊಂಡು ಕೆಲವು ಗರಿ ಕತ್ತರಿಸಿದ, ಚಿತ್ರಗಾರನನ್ನು ಕರೆಸಿ ಹಕ್ಕಿಯ ಚಿತ್ರ ಬರೆಸಿದ, ಆಮೇಲೆ ಹಾರಿಬಿಟ್ಟ. ಊಟಕ್ಕೆ ಗತಿ ಇಲ್ಲದಾಗಲೂ ಜೊತೆಗೆ ಚಿತ್ರಗಾರ ಇದ್ದ!

ಆಮೇಲಿನ ಮೊಘಲರ ಮನೆಯಲ್ಲೂ ನೀರಿನ ಕೆಲಸ ಹೀಗೇ ಇತ್ತಾ?

ಅಕ್ಬರನ ಕಾಲಕ್ಕೆ ಅದು ದೊಡ್ಡ ಇಲಾಖೆಯೇ ಆಯಿತು. ಅವನು ಕುಡಿಯುತ್ತಿದ್ದದ್ದು ಗಂಗೆಯ ನೀರು. ನಂಬಿಕಸ್ತರು ನದಿ ದಂಡೆಯಲ್ಲೇ ಇದ್ದು, ಹೂಜಿಗಳಲ್ಲಿ ತುಂಬಿ ಮೊಹರು ಹಾಕಿ ಕಳಿಸುತ್ತಿದ್ದರು. ಆಗ್ರಾ, ಫತೇಪುರದಲ್ಲಿದ್ದಾಗ ಸೋರೋನಿಂದ, ಪಂಜಾಬಿನಲ್ಲಿದ್ದಾಗ ಹರಿದ್ವಾರದಿಂದ. ತಣ್ಣಗೆ ಮಾಡಲು ಪೆಟ್ಲುಪ್ಪು. 1 ಸೇರು ನೀರು ತುಂಬಿದ ಶೀಶೆಯ ಬಾಯಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪು ಬೆರೆಸಿದ 5 ಸೇರು ನೀರಿನಲ್ಲಿ ಸ್ವಲ್ಪ ಹೊತ್ತು ಅಲ್ಲಾಡಿಸುತ್ತಿದ್ದರು. ಅಡುಗೆಮನೆಯಿಂದ ಬರುವ ಚಿನ್ನ ಬೆಳ್ಳಿ ಪಾತ್ರೆಗಳಿಗೆ ಕೆಂಪು ಬಟ್ಟೆ, ತಾಮ್ರ ಪಿಂಗಾಣಿಗೆ ಬಿಳಿ ಬಟ್ಟೆ ಸುತ್ತಿ ಮೊಹರು ಹಾಕುತ್ತಿದ್ದರು. ವಿಷದ ಭಯ.

ಅಪ್ಪನ ಕಾಲದಲ್ಲಿ ಮೊಹರಿನ ಕೆಲಸವನ್ನೆಲ್ಲ ಒಬ್ಬ ಮನುಷ್ಯನ ನಂಬಿಕೆ ಮಾಡಿತ್ತು.

ಅವನು ಬರೆದದ್ದನ್ನು ನಂಬಬಹುದಾ?

ಹಿಂದುಮುಂದು ನೋಡಿ ನಂಬಿ. ಅಕ್ಬರನ ಚರಿತ್ರೆ ಬರೆಸಲು ಹೊರಟಾಗ, ಹಳೆಯ ದಿನ ಗೊತ್ತಿರುವವರು ನೆನಪಿದ್ದದ್ದನ್ನು ಬರೆದುಕೊಡಿ ಅಂತ ಅಪ್ಪಣೆ ಆಯಿತು. ಹೀಗೆ 1587ರಲ್ಲಿ ಜೌಹರ್ ಬರೆಯಲು ಕೂತ. ಗುಲ್ಬದನ್ ಬರೆದಳು. ಅಡುಗೆಮನೆಯ ಮೇಲ್ವಿಚಾರಣೆ ನೋಡುತ್ತಿದ್ದ ಬಾಯಜೀದ್ ಬಯಾತ್ ಹೇಳಿ ಬರೆಸಿದ.

ಅಂದರೆ ಮರಳುಗಾಡಿನ ಬಾವಿಗೂ ಈ ಬರಹಕ್ಕೂ ನಡುವೆ 45 ವರ್ಷ. ತಾರೀಖು, ಸೈನ್ಯದ ಲೆಕ್ಕ, ಉದ್ದುದ್ದ ಸಂಭಾಷಣೆ ಇವನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಓದುವವನು ಹುಮಾಯೂನನ ಮಗ ಅನ್ನೋದೂ ಅವನ ತಲೆಯಲ್ಲಿ ಇದ್ದೇ ಇರುತ್ತದೆ. ಆದರೆ ಅವನ ಕೈ ಮುಟ್ಟಿದ ವಸ್ತು ಬಂದಾಗ, ಚೀಲ, ಕಡಗ, ತಟ್ಟೆ, ಬಿಸಿನೀರು, ಅಲ್ಲಿ ನನಗೆ ಅನುಮಾನ ಬರುವುದಿಲ್ಲ. ದಿನಾ ಪಾತ್ರೆ ಎಣಿಸಿ ಇಡುವವರ ನೆನಪು ಹಾಗೇ ಇರುತ್ತದೆ, ಅಲ್ವಾ?

ಕಾಮ್ರಾನನನ್ನು ಕುರುಡು ಮಾಡಿಸಿದಾಗ ಜೌಹರ್ ಅಲ್ಲೇ ಇದ್ದನಾ?

ಇದ್ದ. 1553. ಮತ್ತೆ ಮತ್ತೆ ತಿರುಗಿಬಿದ್ದ ತಮ್ಮ ಕೊನೆಗೆ ಸೆರೆ ಸಿಕ್ಕಿದ. ಕೊಲ್ಲಲೇಬೇಕು ಅಂತ ಸರದಾರರ ಹಟ. ಕಾಮ್ರಾನನ ಆಳುಗಳನ್ನೆಲ್ಲ ತೆಗೆದು, ತನ್ನ ಆಳುಗಳನ್ನು ಹುಮಾಯೂನ್ ಅವನ ಡೇರೆಗೆ ಹಾಕಿದ. ಅವರಲ್ಲಿ ಜೌಹರ್ ಒಬ್ಬ. ಆ ರಾತ್ರಿ ಅವನು ಕಾಮ್ರಾನನ ಮೈಕೈ ಒತ್ತುತ್ತಾ ಕೂತಿದ್ದ. ರಮಜಾನ್ ತಿಂಗಳಲ್ಲಿ ತಪ್ಪಿಹೋದ ಕೆಲವು ಉಪವಾಸಗಳನ್ನು ನನ್ನ ಬದಲು ನೀನು ಮಾಡುತ್ತೀಯಾ ಅಂತ ಕಾಮ್ರಾನ್ ಕೇಳಿದ. ಮಾಡುತ್ತೇನೆ ಹುಜೂರ್, ಆದರೆ ಧೈರ್ಯವಾಗಿರಿ, ನೀವೇ ಮಾಡುತ್ತೀರಿ ಅಂದ ಜೌಹರ್. ನನ್ನನ್ನು ಕೊಲ್ಲುತ್ತಾರಾ ಅಂತ ಕೇಳಿದ್ದಕ್ಕೆ, ದೊರೆಗಳ ಮನಸ್ಸು ದೊರೆಗಳಿಗೇ ಗೊತ್ತು, ನಮ್ಮ ಬಾದಶಹರಿಗೆ ಕರುಣೆ ಇದೆ ಅನ್ನುವ ಅರ್ಥದ ಉತ್ತರ ಕೊಟ್ಟ. ಕೈಕೆಳಗಿನವನು ಇದಕ್ಕಿಂತ ಇನ್ನೇನು ಹೇಳಿಯಾನು?

ಮಾರನೇ ದಿನ ಕುರುಡು ಮಾಡುವ ಅಪ್ಪಣೆ ಬಂತು. ಯಾರು ಮಾಡಬೇಕು ಅಂತ ಆಳುಗಳ ನಡುವೆಯೇ ವಾದ ನಡೆಯಿತು, ಯಾರಿಗೂ ಕೈ ಬರಲಿಲ್ಲ. ಕೊನೆಗೆ ಮಲಗಿಸಿ, ಬಾಯಿಗೆ ಬಟ್ಟೆ ತುರುಕಿ, ಕಣ್ಣಿಗೆ ಮತ್ತೆ ಮತ್ತೆ ಚುಚ್ಚಿದರು. ಆಮೇಲೆ ನಿಂಬೆರಸ, ಉಪ್ಪು ಹಾಕಿದರು. ಅಲ್ಲಿಯ ತನಕ ಸದ್ದು ಮಾಡದಿದ್ದ ಕಾಮ್ರಾನ್ ಆಗ ದೇವರನ್ನು ಕೂಗಿದ. ಜೌಹರ್‌ಗೆ ನಿಲ್ಲಲಾಗಲಿಲ್ಲ. ತನ್ನ ಡೇರೆಗೆ ಹೋಗಿ ಕೂತುಬಿಟ್ಟ.

ಹುಮಾಯೂನ್ ಅವನನ್ನು ಕಂಡ. ಕೆಲಸ ಮುಗಿಯಿತಾ, ಅಪ್ಪಣೆ ಇಲ್ಲದೆ ಯಾಕೆ ಬಂದೆ ಅಂತ ಕೇಳಿಕಳಿಸಿದ. ಮುಗಿಯಿತು ಅಂದ. ಹಾಗಾದರೆ ವಾಪಸು ಹೋಗೋದು ಬೇಡ, ಸ್ನಾನಕ್ಕೆ ನೀರು ಸಿದ್ಧ ಮಾಡಲಿ ಅಂತ ಉತ್ತರ ಬಂತು.

ಇಷ್ಟೆಲ್ಲ ಮಾಡಿದ್ದಕ್ಕೆ ಅವನಿಗೆ ಏನು ಸಿಕ್ಕಿತು?

1555ರಲ್ಲಿ ಪಂಜಾಬಿನ ಹೈಬತ್‌ಪುರದ ಕಂದಾಯ ವಸೂಲಿ ಕೆಲಸ ಸಿಕ್ಕಿತು. ಅಲ್ಲಿ ಹೋಗಿ ನೋಡಿದರೆ, ಜನ ಸಾಲಕ್ಕೆ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟಿದ್ದರು. ಹಗೇವಿನಲ್ಲಿದ್ದ ಧಾನ್ಯ ತೆಗೆಸಿ ಮಾರಿ, ಆ ದುಡ್ಡಿನಲ್ಲಿ ಅವರನ್ನೆಲ್ಲ ಬಿಡಿಸಿದೆ ಅಂತ ಬರೆದುಕೊಂಡಿದ್ದಾನೆ. ಬಾದಶಹನಿಗೆ ಇದು ಹಿಡಿಸಿತು, ಆಮೇಲೆ ಬಡ್ತಿಯೂ ಸಿಕ್ಕಿತು. ಹುಮಾಯೂನ್ ಮಾತ್ರ ಹೆಚ್ಚು ದಿನ ಇರಲಿಲ್ಲ. 1556ರ ಜನವರಿಯಲ್ಲಿ ದಿಲ್ಲಿಯ ಪುರಾನಾ ಕಿಲಾದಲ್ಲಿ, ಶೇರ್ ಮಂಡಲದ ಮೆಟ್ಟಿಲು ಇಳಿಯುವಾಗ ಬಾಂಗಿನ ದನಿ ಕೇಳಿ ಕೂರಲು ಹೋದವನು ನಿಲುವಂಗಿ ಕಾಲಿಗೆ ತೊಡರಿ ಬಿದ್ದ. ಕೆಲವೇ ದಿನಗಳಲ್ಲಿ ತೀರಿಕೊಂಡ.

ಓದಬೇಕು ಅಂದರೆ?

ಮೂಲ ಪಾರಸಿಯಲ್ಲಿದೆ, ಹೆಸರು ತಜ್ಕಿರತ್-ಉಲ್-ವಾಕಿಯಾತ್. ಮೇಜರ್ ಚಾರ್ಲ್ಸ್ ಸ್ಟೂವರ್ಟ್ ಮಾಡಿದ ಇಂಗ್ಲಿಷ್ ಅನುವಾದ 1832ರಲ್ಲಿ ಬಂತು. ದೊಡ್ಡದೇನಲ್ಲ, 2-3 ಸಂಜೆಗೆ ಮುಗಿಯುತ್ತದೆ. ಮೊದಲಿನ ಯುದ್ಧಗಳ ಭಾಗ ಬೇಜಾರಾದರೆ ನೇರವಾಗಿ ಮರಳುಗಾಡಿಗೆ ಹೋಗಿ, ಅಲ್ಲಿಂದ ಶುರು ಮಾಡಿ. ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟುಕೊಂಡಿರಿ.